ಮಾವಿನಕೆರೆ ಹತ್ರ ಸಿಕ್ಕ ಅಕ್ಕಾರಿಗೆ

ಅಕ್ಕಾರ, ನಿಮ್ಮ ಹೆಸರು ಕೇಳಾಕ ಆಗ್ಲಿಲ್ಲ, ಅದಕ್ಕ ಇಲ್ಲೇ ಥ್ಯಾಂಕ್ಸ್ ಹೇಳಾಕತ್ತೀನ್ರಿ. ರಾಯಚೂರು ಮಾವಿನಕೆರೆ ಹತ್ರ ವಾಕಿಂಗ್ ಬಂದಾಗ, ವಯಸ್ಸಾದಂಗ ನಮ್ಮನೆಯವರಿಗೆ ರಾತ್ರಿ ನಿದ್ದಿನೇ ಹತ್ತವಲ್ದು ಅಂದಿದ್ದಕ್ಕ ಎಷ್ಟು ಸಮಾಧಾನದಿಂದ ಕುಂತು ಹೇಳಿಕೊಟ್ರಿ. ಮಲಗೋಕಿಂತ ಮುಂಚೆ ಭ್ರಾಮರಿ, ಬಾಯಿ ಮುಚ್ಚಿ ದುಂಬಿ ಹಂಗ ಗುಂಯ್ ಅಂತ ಉಸಿರು ಬಿಡೋದು, ತಗೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಬೇಕು, ಬಿಡೋವಾಗ ಎದಿ ಬಡಿತ ನಿಧಾನ ಆಗ್ತದ ಅಂತ ಕಾರಣಾನೂ ಹೇಳಿದ್ರಿ, ಆಮೇಲೆ ಕಾಲ್ಬೆರಳಿಂದ ಹಣಿ ತನಕ ಒಂದೊಂದೇ ಅಂಗ ಸಡ್ಲ ಬಿಡ್ತಾ ಶವಾಸನ. ನೆಲಕ್ಕ ಕುಂದ್ರಾಕ ಮೊಣಕಾಲು ಕೇಳಲ್ಲ ಅಂದ್ರ ಕುರ್ಚಿ ಮ್ಯಾಲೇ ಸಾಕು ಅಂದ್ರಿ.

ಗ್ವಾಡಿಗೆ ಕಾಲು ಹಚ್ಚಿ ಮಲಗೋ ವಿಪರೀತಕರಣಿ ಕೇಳಿದ್ದಕ್ಕ ಮಾತ್ರ, ಬಿಪಿ ಐತೇನ್ರಿ, ಕಣ್ಣಿಗೆ ಗ್ಲಾಕೋಮಾ ಐತೇನ್ರಿ, ಇದ್ರ ಡಾಕ್ಟರ್‌ನ ಕೇಳದ ಮಾಡಬ್ಯಾಡ್ರಿ ಅಂದ್ರಲ್ಲ, ಆ ಕಾಳಜಿ ನನಗ ಭಾಳ ಹಿಡಿಸ್ತು, ವಿಡಿಯೋದಾಗ ಹಿಂಗ ಕೇಳಿ ಹೇಳೋರು ಕಮ್ಮಿ. ಸಂಜಿ ಮ್ಯಾಲೆ ಚಾನೂ ಬಿಡಿಸೀವ್ರಿ.

ಈಗ ನಮ್ಮವರು ನಡುರಾತ್ರಿ ಎದ್ರೂ ಭ್ರಾಮರಿ ಮಾಡಿ ಮತ್ತ ಮಲಗ್ತಾರ, ಮುಂಜಾನೆ ಮಾರಿ ಮ್ಯಾಲೆ ಕಳಿ ಬಂದದ. ಮತ್ತ ಸಿಕ್ರ ಮನಿಗೆ ಬರ್ಲೇಬೇಕ್ರಿ ಅಕ್ಕಾರ, ಒಗ್ಗರಣಿ ಮಿರ್ಚಿ ಮಾಡ್ತೀನಿ.