ನೆಲ ಬಿಟ್ಟು ಮಲಗುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕೊಳ್ಳಬೇಕೆಂದು ಕಳಿಸಿದ, ಮಡಿಸುವ ಮಂಚದ ಮೇಲೆ ನಿಲ್ಲುವ ಮೂರು ಟೆಂಟುಗಳ ಫೋಟೊ ನೋಡಿದೆ. ಮೂರರಲ್ಲೂ ಬಾಗಿಲಲ್ಲಿ ಕಾಫಿ ಕಪ್ಪು ಹಿಡಿದು ಕೂತವನಿಗೆ ಇಪ್ಪತ್ತೈದರ ವಯಸ್ಸು. ಅವನು ಬರೀ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿದರೂ ಬೆಳಿಗ್ಗೆ ಹಾಗೇ ನಗುತ್ತಿರುತ್ತಾನೆ. ನಿನ್ನದು ಐವತ್ತು ದಾಟಿದ ಸೊಂಟ. ಮದುವೆಮನೆಯಲ್ಲಿ ನೆಲದ ಪಂಕ್ತಿಗೆ ಕೂತರೆ ಏಳಲು ಪಕ್ಕದವರ ಹೆಗಲು ಹುಡುಕುವ ಮಂಡಿ. ಅವೆರಡನ್ನೂ ಕಟ್ಟಿಕೊಂಡು ಒಬ್ಬನೇ ಬಯಲಲ್ಲಿ ಮಲಗಲು ಹೊರಟಿದ್ದೀಯ. ಧಾರಾಳವಾಗಿ ಹೋಗು. ದುಡ್ಡು ಕಟ್ಟುವ ಮೊದಲು ಇದನ್ನೊಂದು ಓದಿಬಿಡು, ಅಷ್ಟೆ.

'ಇದರಲ್ಲಿ ಯಾವುದು ಮೆತ್ತಗಿದೆ?' ಅಂತ ಕೇಳಿದ್ದೀಯ. ಮೆತ್ತಗಿನ ಮಾತು ಆಮೇಲೆ. ಮೊದಲು ಹೇಳು, ಇದನ್ನು ಕಾರಿನ ಡಿಕ್ಕಿಯಿಂದ ಎತ್ತುವವರು ಯಾರು? ಜೊತೆಗೆ ಯಾರೂ ಇರುವುದಿಲ್ಲ, ಆ ತುದಿ ಹಿಡಿ ಅನ್ನಲಿಕ್ಕೆ. ಮಂಚ, ಟೆಂಟು ಎರಡೂ ಒಂದರಲ್ಲೊಂದು ಹೊಲಿದುಕೊಂಡು ಬರುವ ಟೆಂಟ್ ಕಾಟ್‌ಗಳು ಸಾಮಾನ್ಯವಾಗಿ 10ರಿಂದ 15 ಕಿಲೊ ತೂಗುತ್ತವೆ, ಇನ್ನೂ ಭಾರದವೂ ಇವೆ. ಮಡಿಸಿದರೆ ದೊಡ್ಡ ಸೂಟ್‌ಕೇಸಿನ ಹಾಗೆ ಅಗಲವಾಗಿ, ಚಪ್ಪಟೆಯಾಗಿ ಕೂರುತ್ತವೆ. ನಿನ್ನ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಮಡಿಸದೆ ಅದು ಹಿಡಿಸುವುದು ಕಷ್ಟ. ಸೊಂಟ ಉಳಿಸಲೆಂದು ಕೊಂಡ ಮಂಚವನ್ನು ಡಿಕ್ಕಿಯಿಂದ ಬಗ್ಗಿ ಎತ್ತುವಾಗಲೇ ಸೊಂಟ ಹಿಡಿದುಕೊಂಡರೆ, ನೀನು ಅಲ್ಲಿ ಮಲಗುವುದೇನೋ ನಿಜ, ಏಳುವುದು ಯಾವಾಗ ಅಂತ ಹೇಳಲಾಗದು.

ಅದಕ್ಕೇ ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಮಂಚ ಬೇರೆ, ಅದರ ಮೇಲೆ ಕೂರಿಸುವ ಪುಟ್ಟ ಟೆಂಟು ಬೇರೆ ತಗೋ. ಮಂಚದ ನಾಲ್ಕು ಮೂಲೆಗೆ ಪಟ್ಟಿ ಹಾಕಿ ಬಿಗಿಯುವಂಥ ಒಬ್ಬರ ಟೆಂಟುಗಳು ಸಿಗುತ್ತವೆ. ಎರಡು ಸಲ ನಡೆದು ಎರಡು ಹಗುರ ಗಂಟು ಸಾಗಿಸುವುದು ಒಂದೇ ಸಲ ಒಂದು ಭಾರ ಎತ್ತುವುದಕ್ಕಿಂತ ವಾಸಿ. ಇನ್ನೊಂದು ಲಾಭವೂ ಇದೆ. ಇಂಥ ಸಾಮಾನಿನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಜಿಪ್ಪು. ಎರಡೂ ಒಂದೇ ಆಗಿದ್ದರೆ ಜಿಪ್ಪು ಹೋದ ದಿನ ಇಡೀ ಸಾಮಾನೇ ಅಟ್ಟಕ್ಕೆ. ಬೇರೆಬೇರೆ ಇದ್ದರೆ ಮಂಚ ನಿನ್ನ ಜಗಲಿಯಲ್ಲಿ ಉಳಿಯುತ್ತದೆ, ನೆಂಟರು ಬಂದಾಗಲೂ ಬೇಕಾಗುತ್ತದೆ. ಕೂಡಿಕೊಂಡೇ ಇರುವ ಟೆಂಟ್ ಕಾಟ್‌ನ ಪರವಾಗಿಯೂ ಒಂದು ಮಾತಿದೆ, ಸುಳ್ಳು ಹೇಳಬಾರದು: ಬಿಚ್ಚಿ ನಿಲ್ಲಿಸುವುದು ಎರಡು ನಿಮಿಷದ ಕೆಲಸ. ಕತ್ತಲಾದ ಮೇಲೆ, ಮಳೆ ಹನಿಯುವಾಗ, ಒಬ್ಬನೇ ಇರುವವನಿಗೆ ಅದು ಸಣ್ಣ ವಿಷಯವಲ್ಲ. ನೀನು ಯಾವಾಗಲೂ ಸಂಜೆ ಐದರೊಳಗೆ ಜಾಗ ಸೇರುವ ಮನುಷ್ಯ, ಆದ್ದರಿಂದ ನಿನಗೆ ಆ ಅವಸರವಿಲ್ಲ.

ಮರಗಳ ನಡುವೆ ಕಟ್ಟುವ ಜೋಲಿಯ ವಿಚಾರವನ್ನೂ ಎತ್ತಿದ್ದೀಯ. ಜೋಲಿಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನೀನು ಮಗ್ಗುಲಾಗಿ ಮಲಗುವವನು, ಮೇಲಾಗಿ ಬಾದಾಮಿಯ ಬಂಡೆಗಳ ಕಡೆ ಹೋಗಬೇಕು ಅನ್ನುತ್ತೀಯ. ಅಲ್ಲಿ ಬೇಕಾದಷ್ಟು ದೂರಕ್ಕೆ ಎರಡು ಗಟ್ಟಿ ಮರ ಹುಡುಕಿಕೊಂಡು ಅಲೆಯುತ್ತೀಯಾ? ಕಾರಿನ ತಲೆಯ ಮೇಲೆ ಕೂರಿಸುವ ಟೆಂಟಂತೂ ಬೇಡವೇ ಬೇಡ. ಐವತ್ತು ಅರವತ್ತು ಕಿಲೊ ತೂಕ, ಅದಕ್ಕೊಂದು ಏಣಿ. ನಡುರಾತ್ರಿ ಮೂತ್ರಕ್ಕೆ ಏಣಿ ಇಳಿಯುವ ವಯಸ್ಸು ನಮ್ಮದಲ್ಲ.

ಈಗ ಮಂಚದ ಎತ್ತರ. ಒಂದು ಗೇಣಿಗಿಂತ ಎತ್ತರವಿಲ್ಲದ ಹಗುರ ಮಂಚಗಳಿವೆ, ಬೆನ್ನಿಗೆ ಹೊತ್ತು ನಡೆಯುವವರಿಗಾಗಿ ಮಾಡಿದವು. ತೂಕ ಎರಡು ಕಿಲೊದ ಆಸುಪಾಸು, ಬೆಲೆ ಮಾತ್ರ ಭಾರ. ಅವು ನಿನಗಲ್ಲ. ಅವುಗಳಿಂದ ಏಳುವುದೂ ನೆಲದಿಂದ ಏಳುವುದೂ ಮಂಡಿಗೆ ಹೆಚ್ಚುಕಡಿಮೆ ಒಂದೇ. ನಿನಗೆ ಬೇಕಾದದ್ದು ಕುರ್ಚಿಯ ಎತ್ತರದ್ದು, ಸುಮಾರು 40ರಿಂದ 45 ಸೆಂಟಿಮೀಟರ್. ಅಂಚಿನಲ್ಲಿ ಕೂತು, ಪಾದ ಪೂರ್ತಿ ನೆಲಕ್ಕೂರಿ, ಚಪ್ಪಲಿ ಹಾಕಿಕೊಂಡು ಏಳುವಂತಿರಬೇಕು. ತಾಳುವ ತೂಕ 120 ಕಿಲೊ ಅಂತ ಬರೆದಿದ್ದರೆ ಅದು ಮೈಚಾಚಿ ಮಲಗಿದಾಗಿನ ಲೆಕ್ಕ. ಅಂಚಿನಲ್ಲಿ ಕೂತಾಗ ಇಡೀ ಭಾರ ಒಂದೇ ಕಡೆಯ ಪೈಪಿನ ಮೇಲೆ, ಎರಡು ಕಾಲಿನ ಮೇಲೆ ಬೀಳುತ್ತದೆ. ನಿನ್ನ ತೂಕದ ಒಂದೂವರೆ ಪಟ್ಟಾದರೂ ತಾಳುವುದನ್ನು ನೋಡು. ಎಷ್ಟು ತೂಗುತ್ತೀಯ ಅಂತ ನಿಜ ಹೇಳು, ನಿನ್ನ ಹೆಂಡತಿಗೆ ಹೇಳಿದ ಸಂಖ್ಯೆ ಬೇಡ.

ಮೆತ್ತಗಿನ ವಿಷಯಕ್ಕೆ ಬಂದೆ. ನಿಮ್ಮ ಅಜ್ಜನ ಮನೆಯ ನವಾರು ಮಂಚ ನೆನಪಿದೆಯಲ್ಲ? ಪಟ್ಟಿ ಸಡಿಲಾದಾಗ ನಡುವೆ ಗುಂಡಿ ಬಿದ್ದು, ಮಲಗಿದವರು ತೊಟ್ಟಿಲಲ್ಲಿನ ಕೂಸಿನ ಹಾಗೆ ಮುದುಡಿಕೊಳ್ಳುತ್ತಿದ್ದರು. ಮಡಿಸುವ ಮಂಚದ ಬಟ್ಟೆಯೂ ಅಷ್ಟೆ, ಬಿಗಿ ಇದ್ದರೆ ಮಾತ್ರ ಬೆನ್ನಿಗೆ ಆಸರೆ. ನೈಲಾನು ತೇವ ಹೀರಿ ಸಡಿಲಾಗುತ್ತದೆ. ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ತಲೆಯ ಕಡೆ, ಕಾಲಿನ ಕಡೆ ಅಡ್ಡಪಟ್ಟಿ ಇದ್ದು, ಬಟ್ಟೆಯನ್ನು ಉದ್ದಕ್ಕೂ ಎಳೆದು ಹಿಡಿದಿರಬೇಕು. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಮಲಗಿ ನೋಡು. ಹತ್ತು ನಿಮಿಷ, ಮಗ್ಗುಲಾಗಿ. ಕೆಳಗಿನ ಅಡ್ಡಪೈಪು ಸೊಂಟಕ್ಕೋ ಭುಜಕ್ಕೋ ತಾಗಿದರೆ ಅದು ಎಷ್ಟೇ ಚೆಂದವಿದ್ದರೂ ಬಿಟ್ಟು ಎದ್ದು ಬಾ. ಉದ್ದ ನಿನ್ನ ಎತ್ತರಕ್ಕಿಂತ 15 ಸೆಂಟಿಮೀಟರಾದರೂ ಹೆಚ್ಚಿರಲಿ. ಟೆಂಟಿನ ಗೋಡೆ ಒಳಕ್ಕೆ ಓರೆಯಾಗಿರುವುದರಿಂದ ತಲೆಯೂ ಪಾದವೂ ಬಟ್ಟೆಗೆ ತಗುಲುತ್ತವೆ, ಬೆಳಗಿನ ಜಾವ ಆ ಬಟ್ಟೆ ಒದ್ದೆ ಇರುತ್ತದೆ.

ಈ ಪತ್ರದಲ್ಲಿ ನೀನು ಒಂದೇ ಭಾಗ ಓದುವುದಾದರೆ ಇದನ್ನು ಓದು. ನೆಲದಿಂದ ಮೇಲೆ ಮಲಗಿದರೆ ಚಳಿ ಕಡಿಮೆ ಅಂದುಕೊಂಡಿದ್ದೀಯ. ನಿನ್ನ ಭಾವಮೈದುನನ ಮೂಡಿಗೆರೆಯ ತೋಟದಲ್ಲಿ ಡಿಸೆಂಬರ್ ರಾತ್ರಿ 13–14 ಡಿಗ್ರಿಗೆ ಇಳಿದಾಗ ಗೊತ್ತಾಗುತ್ತದೆ ಅದರ ಬಣ್ಣ. ನೆಲ ಮೈಯ ಶಾಖ ಹೀರುತ್ತದೆ, ಸರಿ. ಆದರೆ ಅದೇ ನೆಲ ಹಗಲಿನ ಬಿಸಿಯನ್ನು ಸ್ವಲ್ಪ ಉಳಿಸಿಕೊಂಡೂ ಇರುತ್ತದೆ, ಒಂದು ಕಡೆಯಿಂದ ಗಾಳಿಯನ್ನೂ ತಡೆಯುತ್ತದೆ. ಮಂಚದಲ್ಲಿ ಆ ಮರೆಯಿಲ್ಲ. ಬೆನ್ನಡಿಯ ತೆಳು ಬಟ್ಟೆಯ ಕೆಳಗೆ ರಾತ್ರಿಯಿಡೀ ತಣ್ಣನೆ ಗಾಳಿ ಹಾಯುತ್ತಲೇ ಇರುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅನ್ನಬೇಡ. ಸ್ಲೀಪಿಂಗ್ ಬ್ಯಾಗು ಬೆಚ್ಚಗಿಡುವುದು ತನ್ನೊಳಗೆ ತುಂಬಿದ ನಾರಿನಲ್ಲೋ ಗರಿಯಲ್ಲೋ ಹಿಡಿದಿಟ್ಟ ಗಾಳಿಯಿಂದ. ನಿನ್ನ ಭಾರಕ್ಕೆ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ, ಗಾಳಿ ಹೋಗುತ್ತದೆ, ಉಳಿಯುವುದು ಎರಡು ಪದರ ಬಟ್ಟೆ. ಬ್ಯಾಗಿನ ಮೇಲೆ ಅಚ್ಚಾದ ಡಿಗ್ರಿಯನ್ನು, ಅಂದರೆ ಅದು ಎಷ್ಟು ಚಳಿಗೆ ಸಾಕು ಅನ್ನುವುದನ್ನು, ಐಎಸ್‌ಒ 23537 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಳೆಯುವಾಗಲೂ ಅಡಿಯಲ್ಲಿ ಚಾಪೆ ಹಾಸಿಯೇ ಅಳೆಯುತ್ತಾರೆ. ಚಾಪೆಯಿಲ್ಲದೆ ಮಂಚದ ಮೇಲೆ ಹಾಸಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಹಾಗಾಗಿ ದುಡ್ಡು ಹಾಕುವುದಾದರೆ ಬೆನ್ನ ಕೆಳಗೆ ಹಾಕು. ಚಾಪೆಗಳ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಇರುತ್ತದೆ, ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ. ಚಾರಣದವರು ಸುತ್ತಿ ಒಯ್ಯುವ ಎರಡು ಸೆಂಟಿಮೀಟರ್ ದಪ್ಪದ ಫೋಮ್ ಚಾಪೆಗೆ ಅದು 2ರ ಆಸುಪಾಸು ಇರುತ್ತದೆ. ನಮ್ಮ ಮಲೆನಾಡಿನ ಚಳಿಗೆ ಅದರ ಮೇಲೊಂದು ಕರಿಕಂಬಳಿ ಮಡಿಸಿ ಹಾಸಿದರೆ ಸಾಕು. ಉಣ್ಣೆ ಮೈಭಾರಕ್ಕೆ ಅಷ್ಟು ಸುಲಭವಾಗಿ ಚಪ್ಪಟೆಯಾಗುವುದಿಲ್ಲ, ಸ್ವಲ್ಪ ತೇವವಾದರೂ ಬೆಚ್ಚಗಿಡುತ್ತದೆ. ನಿಮ್ಮ ಅವ್ವ ಹೊಲಿದ ಕೌದಿ ಇದ್ದರೆ ಅದೂ ನಡೆಯುತ್ತದೆ, ಇಬ್ಬನಿ ತಗುಲದ ಹಾಗೆ ನೋಡಿಕೋ. ಹತ್ತಿ ಒದ್ದೆಯಾದರೆ ಒಣಗುವ ಹೊತ್ತಿಗೆ ಮಧ್ಯಾಹ್ನ. ಗಾಳಿ ತುಂಬುವ ದಪ್ಪ ಹಾಸಿಗೆ ಮಾತ್ರ ಬೇಡ. ಮೆತ್ತಗೇನೋ ಇರುತ್ತದೆ, ಆದರೆ ಒಳಗೆ ಬರೀ ಗಾಳಿ ಇದ್ದು ಅದು ಓಡಾಡಲು ಜಾಗವಿದ್ದರೆ ಮೈಬಿಸಿಯನ್ನು ಕೆಳಕ್ಕೆ ಸಾಗಿಸುತ್ತದೆ.

ಬಾದಾಮಿಯ ಕಡೆ ಏಪ್ರಿಲ್‌ನಲ್ಲಿ ಹೋದರೆ ಮಂಚದಡಿ ಗಾಳಿ ಹಾಯುವ ಈ ಗುಣವೇ ವರ. ಹಗಲೆಲ್ಲ ಕಾದ ಮರಳುಗಲ್ಲು ರಾತ್ರಿ ಬಹಳ ಹೊತ್ತಿನವರೆಗೆ ಬಿಸಿ ಉಗುಳುತ್ತದೆ. ಅಲ್ಲಿ ಚಾಪೆ ತೆಗೆದು ಬದಿಗಿಡು, ಬರೀ ಬಟ್ಟೆಯ ಮೇಲೆ ಮಲಗು, ಅಡಿಯ ಗಾಳಿ ತಂಪು ಕೊಡುತ್ತದೆ. ಗೂಟ ಇಳಿಯದ ಬಂಡೆಯ ಮೇಲೂ ಮಂಚ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಗಾಳಿಯ ದಿನ ಮಾತ್ರ ಜೋಪಾನ. ನೀನು ಮಲಗಿರುವವರೆಗೆ ನಿನ್ನ ತೂಕವೇ ಅದನ್ನು ಹಿಡಿದಿರುತ್ತದೆ. ಎದ್ದು ನಾಲ್ಕು ಹೆಜ್ಜೆ ಹೋದೆಯೋ, ಕೆಳಗಿನಿಂದ ಗಾಳಿ ನುಗ್ಗಿ ಮಂಚ ಟೆಂಟು ಸಮೇತ ಮಗುಚುತ್ತದೆ. ಎರಡು ಕಡೆ ಹಗ್ಗ ಬಿಗಿದು ದಪ್ಪ ಕಲ್ಲಿಗೆ ಕಟ್ಟು. ಎರೆಮಣ್ಣಿನ ಹೊಲದಲ್ಲೂ ಸಮುದ್ರದ ಮರಳಲ್ಲೂ ಚೂಪು ಕಾಲಿನ ಮಂಚ ಒಂದು ಕಡೆ ಇಳಿದು ಓರೆಯಾಗುತ್ತದೆ. ನೆಲಕ್ಕೆ ಉದ್ದಕ್ಕೂ ತಾಗುವ ಅಡ್ಡಪೈಪಿನ ಕಾಲಿದ್ದರೆ ಆ ರಗಳೆ ಇಲ್ಲ.

ಹುಳಹುಪ್ಪಟೆಯ ಭಯ ನಿನಗಿಂತ ನಿನ್ನ ಮನೆಯವರಿಗೆ ಹೆಚ್ಚು ಅಂತ ಗೊತ್ತು. ಅವರಿಗೆ ಹೇಳು: ಮಂಚ ಒಂದರಿಂದಲೇ ಕೆಲಸವಾಗುವುದಿಲ್ಲ, ಮುಚ್ಚಿದ ಪರದೆಯಿಂದ ಆಗುತ್ತದೆ. ಕಟ್ಟುಹಾವು ರಾತ್ರಿ ಓಡಾಡುವ ಹಾವು, ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುವುದೇ ಹೆಚ್ಚು. ಎಷ್ಟೋ ಸಲ ನೋವೂ ಇರುವುದಿಲ್ಲ, ಕಚ್ಚಿದ್ದು ತಿಳಿಯುವ ಹೊತ್ತಿಗೆ ವಿಷ ಏರಿ ರೆಪ್ಪೆ ಜೋತುಬಿದ್ದಿರುತ್ತದೆ. ನೇಪಾಳದ ತಗ್ಗು ಪ್ರದೇಶದಲ್ಲಿ ನಡೆದ ಅಧ್ಯಯನವೊಂದರಲ್ಲಿ ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವು ಕಚ್ಚುವ ಸಾಧ್ಯತೆ ತೀರಾ ಕಡಿಮೆ ಅಂತ ಕಂಡಿತ್ತು. ಹಾಗಾಗಿ ಟೆಂಟಿಗೆ ತಳವೂ ಇರಬೇಕು, ಜಿಪ್ಪು ಮೂಲೆಯವರೆಗೆ ಪೂರ್ತಿ ಮುಚ್ಚಬೇಕು. ಮೇಲಿನಿಂದ ಇಳಿಬಿಟ್ಟ ಬರೀ ಪರದೆ ಸಾಲದು. ಚಪ್ಪಲಿಯನ್ನು ಮಂಚದ ಕೆಳಗೆ ಬಿಡಬೇಡ, ಒಳಗೆ ಚೀಲದಲ್ಲಿಡು.

ಉಣುಗಿನ ವಿಚಾರ ಇನ್ನೂ ಗಂಭೀರ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನ ಸುತ್ತ. ಈಗ ಚಿಕ್ಕಮಗಳೂರು, ಉತ್ತರ ಕನ್ನಡಕ್ಕೂ ಹಬ್ಬಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಅಂದರೆ ಮಳೆಯಿಲ್ಲದೆ ಟೆಂಟಿಗೆ ಹೇಳಿಮಾಡಿಸಿದ ಕಾಲವೂ ಅದೇ. ಉಣುಗು ಹಾರುವುದಿಲ್ಲ, ತರಗೆಲೆಯಿಂದ, ಹುಲ್ಲಿನಿಂದ ಮೈಗೆ ಹತ್ತುತ್ತದೆ. ತರಗೆಲೆಯ ಮೇಲೆ ನೀನು ಮಲಗದಿರುವುದೇ ಮಂಚದ ದೊಡ್ಡ ಉಪಕಾರ. ಆದರೂ ತೋಟದ ಅಂಚಿನ ಕಾಡಿನ ಹತ್ತಿರ ಬೇಡ, ಅಂಗಳದಲ್ಲೇ ಹಾಕಿಕೋ. ಮಂಗ ಸತ್ತ ಸುದ್ದಿ ಇದ್ದರೆ ಆ ಊರಿನ ಕಡೆಗೇ ಹೋಗಬೇಡ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿಕೋ. ಇಂಬಳದ ಕಾಲಕ್ಕೆ, ಅಂದರೆ ಮಳೆಗಾಲಕ್ಕೆ, ನಾನು ಈ ಸಲಹೆ ಯಾವುದನ್ನೂ ಕೊಡುವುದಿಲ್ಲ. ಇಂಬಳ ಮಂಚದ ಕಾಲನ್ನು ನಿನಗಿಂತ ಚುರುಕಾಗಿ ಹತ್ತುತ್ತದೆ. ಆಗ ಮನೆಯಲ್ಲಿರು.

ಮಳೆಗಾಲವಲ್ಲದಿದ್ದರೂ ಅಡ್ಡಮಳೆ ಬರುತ್ತದಲ್ಲ, ಅದಕ್ಕೆ ಮೇಲುಹೊದಿಕೆ ಪ್ರತ್ಯೇಕವಾಗಿರಲಿ. ಬಟ್ಟೆಯ ಮೇಲೆ 1500, 3000 ಮಿಲಿಮೀಟರ್ ಅಂತ ಬರೆದಿರುತ್ತಾರೆ. ಎಷ್ಟು ಎತ್ತರದ ನೀರಿನ ಒತ್ತಡಕ್ಕೆ ಬಟ್ಟೆ ಜಿನುಗುತ್ತದೆ ಅನ್ನುವುದು ಅದು. ನಿನಗೆ 2000ದ ಮೇಲಿದ್ದರೆ ಸಾಕು. ಒಳಗಿನ ನೀರೇ ಹೆಚ್ಚು ಕಾಟ ಕೊಡುವುದು. ಒಂದು ರಾತ್ರಿಗೆ ಉಸಿರು, ಬೆವರು ಸೇರಿ ಅರ್ಧ ಲೀಟರಿನ ಆಸುಪಾಸು ತೇವ ನಿನ್ನಿಂದಲೇ ಹೊರಬರುತ್ತದೆ. ಒಬ್ಬರ ಟೆಂಟು ಸಣ್ಣದು, ಅದು ಎಲ್ಲಿಗೆ ಹೋಗಬೇಕು? ಒಂದೇ ಪದರದ ಟೆಂಟಾದರೆ ಸೂರಿಗೆ ಹನಿಕಟ್ಟಿ ಮುಖಕ್ಕೆ ತೊಟ್ಟಿಕ್ಕುತ್ತದೆ. ಒಳಗೆ ಪೂರ್ತಿ ಜಾಲರಿ, ಅದರ ಮೇಲೆ ಅಂತರ ಬಿಟ್ಟು ಹೊದಿಕೆ, ಎರಡೂ ಕಡೆ ಬಾಗಿಲು. ಇದಿಷ್ಟನ್ನು ಬಿಟ್ಟುಕೊಡಬೇಡ. ಬಣ್ಣ ಯಾವುದಾದರೂ ಇರಲಿ.

ಜಾಗದ ಮಾತು ಎರಡೇ ಸಾಲು. ಅನುಮತಿಯಿಲ್ಲದೆ ಮೀಸಲು ಅರಣ್ಯದಲ್ಲಾಗಲಿ ಅಭಯಾರಣ್ಯದಲ್ಲಾಗಲಿ ಮಂಚ ಬಿಚ್ಚಿದರೆ ಅದು ಅಪರಾಧ. ಆನೆ ಓಡಾಡುವ ಕಡೆ ಅಪರಾಧಕ್ಕಿಂತ ದೊಡ್ಡ ವಿಷಯ. ಪರಿಚಯದವರ ತೋಟ, ಹೋಮ್‌ಸ್ಟೇ ಅಂಗಳ, ಹೊಲ, ಇವೇ ನಮಗೆ ಸಾಕು. ಎಲ್ಲಿದ್ದೇನೆ ಅಂತ ಮನೆಯಲ್ಲೊಬ್ಬರಿಗೆ, ಆ ಊರಲ್ಲೊಬ್ಬರಿಗೆ ಹೇಳಿರು.

ನೀನು ಕಳಿಸಿದ ಮೂರರಲ್ಲಿ ಮೊದಲನೆಯದು ಭಾರ, ಎರಡನೆಯದು ಗಿಡ್ಡ. ಮೂರನೆಯದರ ಮಂಚ ಪರವಾಗಿಲ್ಲ, ಟೆಂಟು ಒಂದೇ ಪದರದ್ದು. ಮಂಚ ಮಾತ್ರ ಬೇರೆ ಕೊಡುತ್ತಾರಾ ಕೇಳು. ಇಲ್ಲದಿದ್ದರೆ ಈ ಭಾನುವಾರ ನಮ್ಮನೆಗೆ ಬಾ, ನನ್ನ ಮಂಚ ಒಯ್ದು ನಿಮ್ಮ ತಾರಸಿಯ ಮೇಲೆ ಒಂದು ರಾತ್ರಿ ಮಲಗಿ ನೋಡು. ಬರುವ ಮೊದಲು ಟೇಪು ಹಿಡಿದು ಮೂರು ಅಳತೆ ಕಳಿಸು: ನಿನ್ನ ಎತ್ತರ, ಕೂತಾಗ ನೆಲದಿಂದ ಮಂಡಿಯ ಎತ್ತರ, ಡಿಕ್ಕಿಯ ಅಗಲ. ಟೆಂಟಿನ ಸೂರು ನೋಡಲು ಕೂತಾಗ ತಲೆಯವರೆಗಿನ ಅಳತೆಯೂ ಬೇಕು, ಅದನ್ನು ಇಲ್ಲೇ ನಾನು ತೆಗೆಯುತ್ತೇನೆ.

ನಿನ್ನವ