ಜೀರಿಗೆ ಡಬ್ಬಿ: ಮಗಳಿಗೊಂದು ಪತ್ರ

ಗದಗ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನು ಬಾಳೆಹೊನ್ನೂರು ಮುಟ್ಟಿ, ಇರಲು ಕೋಣೆ ಸಿಕ್ಕು, ಅಲ್ಲಿನ ಕಾಫಿ ಸಂಶೋಧನಾ ಕೇಂದ್ರದ ಕೆಲಸಕ್ಕೆ ಹಾಜರಾದ ಸುದ್ದಿ ನಿನ್ನ ಅವ್ವನಿಂದ ತಿಳಿಯಿತು. ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಡೆದದ್ದು ಇಬ್ಬರಿಗೂ ನೆನಪಿದೆ, ಅದನ್ನಿಲ್ಲಿ ಕೆದಕುವುದಿಲ್ಲ. ಆದರೆ ನಾನಾಡಿದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಕಾಫಿ ಇಲ್ಲದಿದ್ದರ ಜಗತ್ತಿನ ಗಂಟೇನು ಹೋಗತೈತಿ? ನಮ್ಮ ಸೀಮಿ ಮಂದಿ ಚಹಾ ಕುಡದು ಬದುಕಿಲ್ಲೇನು?" ಎಂದಿದ್ದೆ. ನೀನು ತಾಟು ಎತ್ತಿಕೊಂಡು ಏಳುತ್ತ, "ಹಂಗಾದರ ಅದು ಇಲ್ಲದ ಜಗತ್ತು ಹೆಂಗಿರತೈತಿ ಅಂತ ಒಂದು ದಿನ ಕುಂತು ವಿಚಾರ ಮಾಡ್ರಿ ಅಪ್ಪಾಜಿ" ಎಂದು ಒಳಗೆ ಹೋಗಿಬಿಟ್ಟೆ. ಮರುದಿನ ಸ್ಟೇಷನ್ನಿನಲ್ಲಿ ಗಾಡಿ ಬಿಡುವವರೆಗೂ ನಾನು ನೀರಿನ ಬಾಟಲಿ, ಚಾರ್ಜರು, ಬೀರೂರಿನಲ್ಲಿ ಇಳಿಯುವ ಹೊತ್ತು ಎಂದೇ ಮಾತನಾಡಿದೆ. ಈಗ ಹನ್ನೆರಡು ದಿನಗಳಿಂದ ನಿನ್ನ ಮಾತನ್ನೇ ವಿಚಾರ ಮಾಡುತ್ತಿದ್ದೇನೆ.

ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನು ನಾನು. ಚಿಕ್ಕಮಗಳೂರು, ಕೊಡಗು, ಹಾಸನ ಎಂದು ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ್ದೇನೆ. ಯೆಮನ್ ದೇಶದ ಮೋಖಾದಿಂದ ಬಾಬಾ ಬುಡನ್ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರೆಂಬ ಕಥೆಯನ್ನು ಸಾಹಸದ ಕಥೆಯಾಗಿ ಹೇಳಿ ಮಕ್ಕಳ ಕಣ್ಣರಳಿಸಿದ್ದೇನೆ. ಏಳೇ ಬೀಜ ಎಂಬುದರ ಅರ್ಥವೇನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀನು ಮೇಜಿನ ಮೇಲೆ ಬಿಟ್ಟು ಹೋದ ಕಾಗದಗಳನ್ನು ಓದಿದ ಮೇಲೆ ತಿಳಿಯಿತು. ಇಥಿಯೋಪಿಯದ ಬೆಟ್ಟದ ಕಾಡಿನಿಂದ ಹೊರಟ ಅರೇಬಿಕಾ ಎಂಬ ಕಾಫಿ ಜಾತಿ ಜಗತ್ತು ಸುತ್ತಿದ್ದು ಹೀಗೆ ಬೆರಳೆಣಿಕೆಯ ಬೀಜಗಳಿಂದ. ಆದ್ದರಿಂದ ಇಂದು ತೋಟಗಳಲ್ಲಿ ನಿಂತ ಕೋಟ್ಯಂತರ ಗಿಡಗಳು ಹತ್ತಿರದ ರಕ್ತಸಂಬಂಧಿಗಳಿದ್ದಂತೆ, ಒಂದನ್ನು ಹಿಡಿದ ಬೇನೆ ಉಳಿದವನ್ನೂ ಸುಲಭವಾಗಿ ಹಿಡಿಯುತ್ತದೆ. ಕಾಫಿ ಕುಲದ 124 ಕಾಡುಜಾತಿಗಳಲ್ಲಿ ನೂರಕ್ಕೆ 60ರಷ್ಟಕ್ಕೆ ಅಳಿವಿನ ಭಯವಿದೆ ಎಂದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2019ರಲ್ಲಿ ಹೇಳಿದ ಸಾಲಿನ ಕೆಳಗೆ ನೀನು ಕೆಂಪು ಗೆರೆ ಎಳೆದಿದ್ದೆ. ಕಾಡಿನ ಅರೇಬಿಕಾ ಕೂಡ ಅವುಗಳಲ್ಲೊಂದು.

ಇನ್ನು ಚಹಾದ ಮಾತು. ಸಿಂಹಳದ ಕಾಫಿ ತೋಟಗಳಲ್ಲಿ 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಆ ಬೆಳೆ ನೆಲಕಚ್ಚಿ, ಅದೇ ಗುಡ್ಡಗಳಲ್ಲಿ ಚಹಾ ನೆಟ್ಟರು. "ಶ್ರೀಲಂಕಾ: ಚಹಾ" ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದ ನಾನು, ಆ ಚಹಾ ಗಿಡಗಳ ಬುಡದಲ್ಲಿ ಸತ್ತ ಕಾಫಿ ತೋಟಗಳಿವೆ ಎಂದು ಒಂದು ಮಗುವಿಗೂ ಹೇಳಲಿಲ್ಲ. ಚಹಾ ಇದೆಯಲ್ಲ ಎಂದು ನಿನ್ನೆದುರು ಅಷ್ಟು ಜೋರಾಗಿ ಹೇಳುವ ಮೊದಲು ಇಷ್ಟಾದರೂ ತಿಳಿದಿರಬೇಕಿತ್ತು.

ಇವೆಲ್ಲ ನಿನಗೆ ಗೊತ್ತಿರುವ ವಿಷಯಗಳೇ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಕಾಫಿ ಇಲ್ಲದ ಜಗತ್ತನ್ನು ನಾನು ಹತ್ತು ವರ್ಷದ ಹುಡುಗನಿದ್ದಾಗ ನಮ್ಮ ಅಡಿಗೆಮನೆಯಲ್ಲಿಯೇ ಕಂಡಿದ್ದೇನೆ.

ನಿನ್ನ ಆಯಿ, ಅಂದರೆ ನನ್ನ ಅವ್ವ, ಕೊಪ್ಪದ ಕಡೆಯವಳು. ಅವಳ ಅಪ್ಪ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಈ ಚಹಾದ ಮನೆಗೆ ಸೊಸೆಯಾಗಿ ಬರುವಾಗ ಒಂದು ಹಿತ್ತಾಳೆ ಫಿಲ್ಟರನ್ನೂ, ಪುಡಿ ಹಾಕಿಡುವ ಬಿಗಿಮುಚ್ಚಳದ ಡಬ್ಬಿಯನ್ನೂ ತಂದಿದ್ದಳು. ಹನ್ನೊಂದು ಮಂದಿಗೆ ಚಹಾ ಕಾಸಿ ಕೊಟ್ಟು, ಗಂಡಸರು ಹೊಲಕ್ಕೂ ಮಕ್ಕಳು ಸಾಲೆಗೂ ಹೋದ ಮೇಲೆ, ತನ್ನೊಬ್ಬಳಿಗಾಗಿ ಅರ್ಧ ಲೋಟ ಕಾಫಿ ಮಾಡಿಕೊಂಡು ಹಿತ್ತಿಲ ಬಾಗಿಲ ಹೊಸ್ತಿಲಲ್ಲಿ ಕೂತು ಕುಡಿಯುತ್ತಿದ್ದಳು. ದಿನದಲ್ಲಿ ಅವಳು ಕೂರುತ್ತಿದ್ದುದು ಅದೊಂದೇ ಸಲ. ಮಳೆ ಕೈಕೊಟ್ಟ ಒಂದು ವರ್ಷ ನಿನ್ನ ಮುತ್ತಜ್ಜ, "ಒಂದ ಮನ್ಯಾಗ ಎರಡು ಚಟ ಬ್ಯಾಡ" ಎಂದರು, ಪುಡಿ ತರುವುದು ನಿಂತಿತು. ಅವಳು ಎದುರಾಡಲಿಲ್ಲ. ಚಹಾ ಕುಡಿಯತೊಡಗಿದಳು, ಆದರೆ ನಿಂತುಕೊಂಡೇ ಕುಡಿಯುತ್ತಿದ್ದಳು. ಹೊಸ್ತಿಲಲ್ಲಿ ಅವಳು ಕೂತದ್ದನ್ನು ನಾನು ಮತ್ತೆ ಕಂಡ ನೆನಪಿಲ್ಲ.

ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಒಳಗೆ ಹೋದೆ. ಅವಳು ಗೋಡೆಯ ಮಾಡದ ಮುಂದೆ ನಿಂತು ಆ ಖಾಲಿ ಡಬ್ಬಿಯ ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ್ದಳು. ಎರಡು ಉಸಿರು, ಅಷ್ಟೇ. ಒಳಗಿನ ವಾಸನೆ ಹೊರಗೆ ಹೋಗಬಾರದೆಂಬಂತೆ ಕೂಡಲೇ ಅಂಗೈಯಿಂದ ಮುಚ್ಚಳ ಒತ್ತಿ, ಬೇಳೆಯ ಡಬ್ಬಿಗಳ ಹಿಂದೆ ಇಟ್ಟಳು. ನಾನು ಅದನ್ನು ರಾತ್ರಿ ಊಟದ ಪಂಕ್ತಿಯಲ್ಲಿ, "ಅವ್ವ ಖಾಲಿ ಡಬ್ಬಿ ಮೂಸತಾಳ" ಎಂದು ಎಲ್ಲರೆದುರು ಹೇಳಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುದಿನ ನಾನು ಸಾಲೆಯಿಂದ ಬರುವಷ್ಟರಲ್ಲಿ ಆ ಡಬ್ಬಿ ಹಿತ್ತಿಲಿನ ಕಲ್ಲಿನ ಮೇಲೆ ಬೂದಿ ಹಚ್ಚಿ ತಿಕ್ಕಿಸಿಕೊಂಡು ಬಿಸಿಲಿಗೆ ಬೋರಲು ಬಿದ್ದಿತ್ತು. ಸಂಜೆ ಅದರಲ್ಲಿ ಜೀರಿಗೆ ತುಂಬಿತು. ನೀನು ಹುಟ್ಟಿದಂದಿನಿಂದ ಜೀರಿಗೆ ಡಬ್ಬಿ ಎಂದೇ ಕಂಡದ್ದು ಅದನ್ನೇ.

ಯಾರು ತೊಳೆದರು? ಅವಳೇ ತೊಳೆದಳು, ಬೇರೆ ಯಾರಿಗೂ ಅದರ ಗೊಡವೆ ಇರಲಿಲ್ಲ. ಎಷ್ಟು ಹೊತ್ತು ತಿಕ್ಕಿರಬೇಕು ಎಂದು ಈ ಹನ್ನೆರಡು ದಿನ ಯೋಚಿಸಿದ್ದೇನೆ. ಮುಂದಿನ ವರ್ಷ ಮಳೆ ಬಂತು, ಮುತ್ತಜ್ಜ ತಾವಾಗಿಯೇ ಹುಬ್ಬಳ್ಳಿಯಿಂದ ಪುಡಿ ತಂದುಕೊಟ್ಟರು. "ರೂಢಿ ತಪ್ಪೇತ್ರಿ" ಎಂದು ಅದನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಬರಗಾಲ ಅವಳ ಲೋಟವನ್ನಷ್ಟೇ ಕಸಿದಿತ್ತು; ಡಬ್ಬಿಯಲ್ಲಿ ಉಳಿದಿದ್ದ ವಾಸನೆಯನ್ನು ಕಸಿದವನು ನಾನು. ಅವಳಿರುವವರೆಗೂ ಇದನ್ನು ಅವಳಿಗೆ ಹೇಳಲಾಗಲಿಲ್ಲ. ಅದೇ ಮನೆಯಲ್ಲಿ, ಅದೇ ಊಟದ ಹೊತ್ತಿನಲ್ಲಿ, ನಿನಗೂ ಅಂಥದೇ ಮಾತನ್ನಾಡಿದೆನಲ್ಲ ಎಂಬುದು ನನ್ನನ್ನು ಸುಡುತ್ತಿದೆ. ತಪ್ಪಾಯಿತು ಮಗಳೆ.

ಮೊನ್ನೆ ಭೀಷ್ಮ ಕೆರೆಯ ಹತ್ತಿರ ನಡೆದಾಡುವಾಗ ಗೆಳೆಯರಿಗೆ ನಿನ್ನ ಕೆಲಸದ ವಿಷಯ ಹೇಳಿದೆ. ಬಾಳೆಹೊನ್ನೂರು ಎಂದೊಡನೆ ಅವರೆಲ್ಲ ರಂಭಾಪುರಿ ಪೀಠಕ್ಕೆ ಕೈಮುಗಿದರು. 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವೂ ಅದರ ಬಳಿಯೇ ಇದೆ, ಅರೇಬಿಕಾ ಗಿಡದೊಳಗೆ ಸುರಂಗ ಕೊರೆಯುವ ಬಿಳಿ ಕಾಂಡಕೊರಕದ ಬೆನ್ನು ಹತ್ತಿದ್ದಾಳೆ ನನ್ನ ಮಗಳು ಎಂದೆ. ಆ ದುಂಬಿ ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ನೆರಳಿನ ಮರ ಕಡಿದ ತೋಟಕ್ಕೆ ಹೆಚ್ಚು ಬರುತ್ತದೆ, ಹಿಡಿದ ಗಿಡವನ್ನು ಕಿತ್ತು ಸುಡಬೇಕಾಗುತ್ತದೆ ಎಂದು ನಿನ್ನ ಕಾಗದಗಳಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಕಾಫಿ ಹೋದರೆ ಆ ನೆರಳಿನ ಮರಗಳನ್ನು ಯಾರು ಉಳಿಸುತ್ತಾರೆ? ನಿನ್ನ ಊರಿನ ಪಕ್ಕದಲ್ಲಿ ಹರಿಯುವ ಭದ್ರೆಯೇ ತುಂಗೆಯನ್ನು ಕೂಡಿಕೊಂಡು ನಮ್ಮ ನಲ್ಲಿಗೆ ಬರುತ್ತಾಳೆ. ನಮ್ಮ ಸೀಮೆಗೂ ಕಾಫಿಗೂ ಸಂಬಂಧವಿಲ್ಲ ಎಂದವನ ಮನೆಯ ಕೊಡದಲ್ಲಿ ಆ ಗುಡ್ಡಗಳ ನೀರೇ ಇದೆ.

ಉಪದೇಶ ಮಾಡಬಾರದೆಂದುಕೊಂಡೇ ಕೂತಿದ್ದೆ, ಆದರೂ ಬರೆಯುತ್ತೇನೆ. ಮಬ್ಬಿನಲ್ಲಿ ಒಬ್ಬಳೇ ತೋಟಕ್ಕೆ ಇಳಿಯಬೇಡ; ಆ ಕಡೆ ಆನೆಗಳ ಓಡಾಟವಿದೆ, ಮಳೆಗಾಲದಲ್ಲಿ ಇಂಬಳಗಳ ಕಾಟವಿರುತ್ತದೆ. ಬೆಳಿಗ್ಗೆ ಏನಾದರೂ ತಿಂದ ಮೇಲೆಯೇ ಕಾಫಿ ಕುಡಿ. ಕೊಯ್ಲಿಗೆ ನಮ್ಮ ಬಯಲುಸೀಮೆಯಿಂದಲೂ ಜನ ಬರುತ್ತಾರೆ, ಅವರ ಹತ್ತಿರ ನಮ್ಮ ಕನ್ನಡದಲ್ಲಿ ಮಾತನಾಡು, ನಿನ್ನ ಓದನ್ನು ಮುಂದೆ ಮಾಡಬೇಡ. ಸಣ್ಣ ಹಿಡುವಳಿಯ ಬೆಳೆಗಾರ ಗಿಡ ಕಿತ್ತು ಸುಡಲು ಹಿಂದೆಮುಂದೆ ನೋಡಿದರೆ ಅವನನ್ನು ಗದರಿಸಬೇಡ. ಮೊದಲು ಅವನ ಮನೆಯ ಲೆಕ್ಕ ಕೇಳು. ಮೇಲಿನವರೊಂದಿಗೆ ವಾದಕ್ಕಿಳಿಯುವ ನಿನ್ನ ಸ್ವಭಾವ ನನ್ನಿಂದಲೇ ಬಂದದ್ದು, ಅದನ್ನು ಸ್ವಲ್ಪ ಹಿಡಿತದಲ್ಲಿಡು. ಸಂಬಳ ಬಂದ ಕೂಡಲೇ ಸ್ವಲ್ಪವಾದರೂ ಎತ್ತಿಡು. ಬ್ಯಾಂಕಿನ ಪರೀಕ್ಷೆಯ ವಿಷಯ ಇನ್ನು ನಾನು ಎತ್ತುವುದಿಲ್ಲ.

ಅಟ್ಟದ ಮೇಲಿದ್ದ ಆಯಿಯ ಫಿಲ್ಟರನ್ನು ಈ ಪತ್ರದ ಜೊತೆ ಪಾರ್ಸಲ್ ಮಾಡುತ್ತಿದ್ದೇನೆ. ಬೆಟಗೇರಿಯಲ್ಲಿ ಕಲಾಯಿ ಹಾಕಿಸಿದೆ. ಕಲಾಯಿ ಕೂತು ಮುಚ್ಚಿಹೋಗಿದ್ದ ತೂತುಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿದ್ದೇನೆ, ನಿನ್ನ ಅವ್ವ ಹಳೆಯ ಸೀರೆಯಲ್ಲಿ ಸುತ್ತಿದ್ದಾಳೆ. ಡಬ್ಬಿಯನ್ನು ಮಾತ್ರ ಕಳಿಸುತ್ತಿಲ್ಲ. ಜೀರಿಗೆಯನ್ನು ಗಾಜಿನ ಬಾಟಲಿಗೆ ಸುರಿದು ಮೂರು ದಿನ ಬಿಸಿಲಿಗಿಟ್ಟೆ, ವಾಸನೆ ಇನ್ನೂ ಹೋಗಿಲ್ಲ. ದೀಪಾವಳಿಗೆ ನೀನು ಬರುವಷ್ಟರಲ್ಲಿ ಹೋದೀತು. ಬರುವಾಗ ಚಿಕೋರಿ ಬೆರೆಸದ ಪುಡಿ ಕಾಲು ಕಿಲೋ ತೆಗೆದುಕೊಂಡು ಬಾ.

ಇಂತು ನಿನ್ನ ಅಪ್ಪ