ಮಗಳಿಗೊಂದು ಪತ್ರ: ರಸ್ತೆ ಬದಿಯ ಚಕ್ರ

ಪಡುಬಿದ್ರಿ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನನ್ನ ದನಿಯಿಂದ ನೋವಾಗಿದ್ದರೆ ಕ್ಷಮಿಸು; ವಾಹನಗಳು ಹಾದುಹೋಗುವ ಬದಿಯಲ್ಲಿ ಕುಳಿತು ಚಕ್ರ ಬದಲಿಸಬೇಡ ಎಂದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಭಾನುವಾರ ನೀವಿಬ್ಬರೂ ಆ ಟ್ರೈಲರ್ ಎಳೆದುಕೊಂಡು ಅಮೆರಿಕದ ಆ ಫ್ಲಾಗ್‌ಸ್ಟಾಫ್‌ನಿಂದ ಯೂಟಾ ಕಡೆಗೆ ಹೊರಡುತ್ತೀರಿ ಎಂದು ಅಮ್ಮ ಹೇಳಿದಳು. ಅದಕ್ಕೆ ಮೊದಲು ನೀನು ಇದನ್ನು ಓದಬೇಕು. ಕೈಯಲ್ಲಿ ಬರೆದು, ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಿದ್ದೇನೆ.

ನೀನು ಚಕ್ರ ಬದಲಿಸುವ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಟ್ರೈಲರನ್ನು ಪಿಕಪ್‌ನಿಂದ ಕಳಚಿಲ್ಲ. ಬದಿಗೆ ಎರಡೆರಡು ಚಕ್ರಗಳಲ್ಲಿ ಹೋದದ್ದು ಎಡಬದಿಯ ಹಿಂದಿನ ಟಯರು. ಅದೇ ಬದಿಯ ಮುಂದಿನ ಚಕ್ರವನ್ನು ಹಲಗೆ ಹತ್ತಿಸಿ, ಜಾಕ್ ಮುಟ್ಟದೆಯೇ ಹಿಂದಿನದನ್ನು ನೆಲ ಬಿಡಿಸಿದ್ದೀಯ. ಆಚೆ ಬದಿಯ ಚಕ್ರಗಳಿಗೆ ಅಡೆ ಕೊಟ್ಟೆ, ನಟ್‌ಗಳನ್ನು ಹಲಗೆ ಹತ್ತಿಸುವ ಮೊದಲೇ ಸಡಿಲಿಸಿದೆ ಎಂದೂ ಹೇಳಿದೆ. ಚಕ್ರ ಗಾಳಿಯಲ್ಲಿರುವಾಗ ನಟ್ ಜೊತೆ ಗುದ್ದಾಡಬಾರದು ಎಂಬುದು ನಮ್ಮ ಟಯರು ಅಂಗಡಿಗೆ ಕೆಲಸಕ್ಕೆ ಬಂದ ಹುಡುಗರ ತಲೆಗೆ ಹೋಗಲು ಒಂದು ಮಳೆಗಾಲವೇ ಬೇಕಾಗುತ್ತಿತ್ತು. ಗಾಳಿ ಹಾಕಿಸಲು ಬಂದವರಿಗೆಲ್ಲ ಆ ಫೋಟೋ ತೋರಿಸುತ್ತಿದ್ದೇನೆ, ನನ್ನ ಮಗಳು ಎಂದು.

ಆದರೆ ಅದೇ ಫೋಟೋದಲ್ಲಿ ರಸ್ತೆಯಂಚಿನ ಬಿಳಿ ಗೆರೆಯೂ ಕಾಣುತ್ತದೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದರಿಂದ ಎಡಗಡೆಯ ಚಕ್ರವೆಂದರೆ ವಾಹನಗಳು ಹಾದುಹೋಗುವ ಬದಿ. ನೀನು ಕುಕ್ಕರುಗಾಲಿನಲ್ಲಿ ಕುಳಿತಿದ್ದೀಯ, ಬೆನ್ನು ರಸ್ತೆಗೆ. ಹಿಮ್ಮಡಿಗೂ ಗೆರೆಗೂ ನಡುವೆ ಒಂದು ಮೊಳ ಜಾಗವಿಲ್ಲ.

ಆಗ ನಮ್ಮೂರ ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ, ನೀನು ತೀರಾ ಚಿಕ್ಕವಳು. ಆಷಾಢದ ಮಳೆ. ನಮ್ಮ ಅಂಗಡಿಗೆ ಕೂಗಳತೆಯ ದೂರದಲ್ಲಿ ಹೆಂಚಿನ ಲಾರಿಯೊಂದು ನಿಂತಿತು. ಅಂಗಡಿಯ ತನಕ ಬರುವ ತಾಳ್ಮೆ ಅವರಿಗಿರಲಿಲ್ಲ. ಕ್ಲೀನರ್ ಹುಡುಗ ತಲೆಗೆ ಪ್ಲಾಸ್ಟಿಕ್ ಹೊದ್ದು ರಸ್ತೆಯ ಕಡೆಗಿನ ಹಿಂದಿನ ಚಕ್ರ ಬಿಚ್ಚುತ್ತಿದ್ದ. ನಟ್ ಜಗ್ಗದಿದ್ದಾಗ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿದ, ಎಲ್ಲರೂ ಮಾಡುವಂತೆ. ಬಸ್ಸು ಅವನನ್ನು ಮುಟ್ಟಲಿಲ್ಲ. ಪೈಪಿನ ತುದಿಯನ್ನು ಮುಟ್ಟಿತು, ಅಷ್ಟೆ. ಪೈಪು ತಿರುಗಿ ಅವನ ಮುಂಗೈಗೆ ಬಡಿಯಿತು. ನಾನು ಓಡಿಹೋದಾಗ ಅವನು ಅಳುತ್ತಲೂ ಇರಲಿಲ್ಲ. ಮೊಣಕೈಯ ಕೆಳಗೆ ಕೈ ಬೇರೆಯೇ ದಿಕ್ಕಿಗೆ ತಿರುಗಿತ್ತು. ಇನ್ನೊಂದು ಮುಷ್ಟಿಯಲ್ಲಿ ಬಿಚ್ಚಿದ ನಟ್‌ಗಳನ್ನು ಭದ್ರವಾಗಿ ಹಿಡಿದುಕೊಂಡಿದ್ದ. ಆ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ‘ಇಂಡಿಕೇಟರ್ ಹಾಕಿದ್ದೆ, ಇಂಡಿಕೇಟರ್ ಹಾಕಿದ್ದೆ’ ಎಂದು ಲಾರಿ ಚಾಲಕ ಹೇಳುತ್ತಲೇ ಇದ್ದ. ಇಂಡಿಕೇಟರ್ ಉರಿಯುತ್ತಲೇ ಇತ್ತು, ಅದು ಸುಳ್ಳಲ್ಲ. ನಿನ್ನ ಫೋಟೋದಲ್ಲಿ ನಾನು ಮತ್ತೆ ಮತ್ತೆ ನೋಡುವುದು ನಿನ್ನ ಮೊಣಕೈಯನ್ನು. ಅದು ಗೆರೆಯ ಕಡೆಗೆ ಎಷ್ಟು ಚಾಚಿದೆ ಎಂದು ಬೆರಳಿಟ್ಟು ಅಳೆಯುತ್ತೇನೆ. ರಾತ್ರಿ ಎದ್ದು ಕೂಡ ನೋಡಿದ್ದೇನೆ, ಅಮ್ಮನಿಗೆ ಹೇಳಬೇಡ.

ದೀಪ ಮಿನುಗುವ ವಾಹನ ಕಂಡರೆ ಪಕ್ಕಕ್ಕೆ ಸರಿಯಬೇಕೆಂಬ ಕಾನೂನು ಅಲ್ಲಿದೆ ಎಂದು ನೀನು ಹೇಳಿದೆ. ಇರಲಿ. ತೂಕಡಿಸುವ ಚಾಲಕನನ್ನು ಕಾನೂನು ಎಬ್ಬಿಸುವುದಿಲ್ಲ.

ಎರಡು ಆಕ್ಸಲ್‌ಗಳ, ಅಂದರೆ ಎರಡು ಜೊತೆ ಚಕ್ರಗಳ, ಟ್ರೈಲರಿನ ದೊಡ್ಡ ಉಪಕಾರವೇ ಇದು: ಒಂದು ಟಯರು ಹೋದರೂ ಪಕ್ಕದ್ದು ಭಾರ ಹೊರುತ್ತದೆ. ಆದ್ದರಿಂದ ಗೆರೆಯ ಪಕ್ಕದಲ್ಲಿ ನಿಲ್ಲಲೇಬೇಕೆಂದಿಲ್ಲ. ದೀಪ ಹಾಕಿಕೊಂಡು, ನಡಿಗೆಯ ವೇಗದಲ್ಲಿ, ಗಟ್ಟಿ ಸಮತಟ್ಟು ಜಾಗ ಸಿಗುವವರೆಗೆ ಸ್ವಲ್ಪ ದೂರ ಎಳೆ. ರಿಮ್ ಹಾಳಾದರೆ ಆಗಲಿ, ರಿಮ್ಮಿಗೆ ನಾನು ದುಡ್ಡು ಕೊಡುತ್ತೇನೆ. ಅಂಥ ಜಾಗ ಸಿಗದೆ, ಹೋದ ಟಯರು ವಾಹನಗಳು ಹಾದುಹೋಗುವ ಬದಿಯದ್ದೇ ಆಗಿದ್ದರೆ ಸ್ಪ್ಯಾನರ್ ಮುಟ್ಟಬೇಡ. ಇಬ್ಬರೂ ಬಲಗಡೆ ಇಳಿದು, ತಡೆಬೇಲಿಯ ಆಚೆ ನಿಂತು ಸಹಾಯಕ್ಕೆ ಫೋನ್ ಮಾಡಿ.

ಈ ಉಪಕಾರದಲ್ಲೇ ಒಂದು ಕೆಡುಕೂ ಇದೆ. ಟಯರು ಹೋದದ್ದು ಪಿಕಪ್ ಓಡಿಸುವವರಿಗೆ ಎಷ್ಟೋ ಹೊತ್ತು ಗೊತ್ತೇ ಆಗುವುದಿಲ್ಲ. ಅಷ್ಟು ಹೊತ್ತೂ ಪಕ್ಕದ ಟಯರು ಇಬ್ಬರ ಭಾರ ಹೊತ್ತು ಒಳಗೊಳಗೇ ಕಾದಿರುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ನಂಬಬೇಡ. ಹೊರಡುವ ಮೊದಲು ಬಿಚ್ಚಿಸಿ, ಒಳಮೈಯನ್ನು ಟಯರಿನವರಿಗೆ ತೋರಿಸು.

ಇನ್ನು ಕೆಲವು ಮಾತು. ಭಾಷಣ ಎನ್ನುತ್ತೀಯ, ಆದರೂ ಓದು. ಜಾಕ್ ಇಡಬೇಕಾದರೆ ಕೈಪಿಡಿ ತೋರಿಸಿದ ಜಾಗಕ್ಕೇ ಇಡು. ಆಕ್ಸಲ್ ಕೊಳವೆಯ ನಡುವೆ ಕೊಟ್ಟರೆ ಬಾಗುತ್ತದೆ. ನಟ್‌ಗಳನ್ನು ಒಂದರ ಪಕ್ಕದ್ದನ್ನು ಬಿಗಿಯದೆ ಎದುರುಬದುರಾಗಿ ಬಿಗಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕು. ಚಕ್ರ ಬದಲಿಸಿದ ಮೇಲೆ 10, 25, 50 ಮೈಲಿಗಳಲ್ಲಿ ನಿಲ್ಲಿಸಿ ನಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡು. ಗಾಳಿಯನ್ನು ಬೆಳಗ್ಗೆ, ಟಯರು ತಣ್ಣಗಿರುವಾಗ ಅಳೆ. ಸ್ಟೆಪ್ನಿಯದ್ದನ್ನೂ ಅಳೆ, ಅದನ್ನು ಎಲ್ಲರೂ ಮರೆಯುತ್ತಾರೆ. 65 ಮೈಲಿ ವೇಗ ದಾಟಬೇಡಿ ಎಂದು ಅಳಿಯನಿಗೂ ಹೇಳು. ನಾನು ಹೇಳಿದರೆ ಅವರು ಸುಮ್ಮನೆ ನಗುತ್ತಾರೆ.

ಟಯರಿನ ಬದಿಯಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿದೆ. ಅದರ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ನೀವು ಟ್ರೈಲರ್ ಕೊಂಡದ್ದು ಹಳೆಯದು, ಹೆಚ್ಚು ಓಡದೆ ಬಿಸಿಲಲ್ಲಿ ನಿಂತದ್ದು. ನೆಲ ತಾಗುವ ಪಟ್ಟಿ ಸವೆಯದಿದ್ದರೂ ರಬ್ಬರು ಸತ್ತಿರುತ್ತದೆ. ಐದಾರು ವರ್ಷ ದಾಟಿದ್ದನ್ನು ಬದಲಿಸಿಬಿಡಿ. ಕೆಲವು ಟಯರುಗಳಲ್ಲಿ ಆ ಅಂಕಿ ಒಳಬದಿಗೆ ಬಂದಿರುತ್ತದೆ, ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಉಳಿದ ಮೂರರದ್ದೂ ಸ್ಟೆಪ್ನಿಯದ್ದೂ ಫೋಟೋ ತೆಗೆದು ಶನಿವಾರದೊಳಗೆ ನನಗೆ ಕಳುಹಿಸು. ಅಲ್ಲಿಯವರೆಗೆ ನಾನು ಫೋನ್ ಮಾಡುವುದಿಲ್ಲ. ನೀನು ಮಾಡಿದರೆ ಖಂಡಿತ ತೆಗೆಯುತ್ತೇನೆ.

ನಿನ್ನ
ಅಪ್ಪ